ಮೊದಲು ಎಂಜಿನ್, ಆಮೇಲೆ ವಿಮಾನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿನ್ನೆ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹತ್ತನೇ ತರಗತಿಯ ಮೂವರು ಹುಡುಗರು ತಾವೇ ಕಟ್ಟಬೇಕೆಂದಿರುವ ವಿಮಾನದ ಚಿತ್ರ ಬರೆದಿಟ್ಟಿದ್ದರು. "ಎಂಜಿನ್ ಯಾವುದಪ್ಪಾ?" ಅಂತ ಕೇಳಿದೆ. "ಗುಜರಿಯಲ್ಲಿ ಯಾವುದಾದ್ರೂ ಸಿಗುತ್ತೆ ಸಾರ್" ಅಂದರು. ಸುಮಾರು ಮೂವತ್ತು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ. ಹಾಗಾಗಿ ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಇರಲಿ, ಆ ಹುಡುಗರಿಗೆ ಉತ್ತರ ಹೇಳುತ್ತೇನೆ.

ಐಟಿಐ ಮುಗಿಸಿ ಮನೆಯಲ್ಲಿದ್ದ ಕಾಲ. ರಾಮನಗರದ ಮಾರುಕಟ್ಟೆಯಲ್ಲಿ ಒಂದು ಬೆಳೆ ಗೂಡು ಮಾರಿ ಬಂದ ದುಡ್ಡನ್ನು ಅಪ್ಪ ನನ್ನ ಕೈಗೆ ಕೊಟ್ಟರು. ನಾನು ಕಬ್ಬಿಣದ ಟ್ಯೂಬು, ಬಟ್ಟೆ ತಂದು ಮೊದಲು ವಿಮಾನದ ಮೈ ಕಟ್ಟಿದೆ. ಉಳಿದ ಚಿಲ್ಲರೆಗೆ ಅಪಘಾತವಾದ ಮಾರುತಿ 800 ಕಾರಿನ ಎಂಜಿನ್ ತಂದೆ. ಅಲ್ಲೇ ಮೊದಲ ತಪ್ಪು. ಎಂಜಿನ್ನಿನ ತೂಕ ಎಷ್ಟು, ಶಕ್ತಿ ಎಷ್ಟು ಅಂತ ಗೊತ್ತಿಲ್ಲದೆ ವಿಮಾನ ಕಟ್ಟುವುದು ಎತ್ತು ನೋಡದೆ ನೊಗ ಕೆತ್ತಿಸಿದ ಹಾಗೆ.

ಅದರ ಶಕ್ತಿ ಸುಮಾರು 37 ಅಶ್ವಶಕ್ತಿ. ಸಾಲದೇ ಅಂದುಕೊಂಡೆ. ಆದರೆ ಅಷ್ಟು ಶಕ್ತಿ ಸಿಗುವುದು ನಿಮಿಷಕ್ಕೆ 5000 ಸುತ್ತಿನ ಹತ್ತಿರ ತಿರುಗಿದಾಗ ಮಾತ್ರ. ಒಂದೂವರೆ ಮೀಟರ್ ಉದ್ದದ ಪ್ರೊಪೆಲ್ಲರನ್ನು ಅದಕ್ಕೆ ನೇರ ಸಿಕ್ಕಿಸಿ ಆ ವೇಗದಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 390 ಮೀಟರ್ ಓಡುತ್ತದೆ. ಶಬ್ದದ ವೇಗವೇ ಸುಮಾರು 340 ಮೀಟರ್. ಅಲ್ಲಿಗೆ ಅದು ಗಾಳಿ ತಳ್ಳುವುದು ಬಿಟ್ಟು ಬರೀ ಅರಚುತ್ತದೆ. ನಿಧಾನ ತಿರುಗಿಸಿದರೆ ಶಕ್ತಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ನಡುವೆ ವೇಗ ಇಳಿಸುವ ಗೇರೋ ಬೆಲ್ಟೋ ಬೇಕೇ ಬೇಕು. ಹೊರದೇಶದ ಹವ್ಯಾಸಿಗಳು ಹಳೆಯ ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ ಇಷ್ಟಪಟ್ಟದ್ದು ಅದು ಕಡಿಮೆ ಸುತ್ತಿನಲ್ಲೇ ಸಾಕಷ್ಟು ಶಕ್ತಿ ಕೊಡುತ್ತದೆ ಅಂತ. ಗೇರಿನ ಖರ್ಚು ಉಳಿಯುತ್ತದೆ.

ಕನಕಪುರದ ಒಂದು ಲೇತ್ ಅಂಗಡಿಯಲ್ಲಿ ಬೆಲ್ಟ್ ಪುಲ್ಲಿ ಮಾಡಿಸಿದೆ. ಪ್ರೊಪೆಲ್ಲರಿಗೆ ಚನ್ನಪಟ್ಟಣಕ್ಕೆ ಹೋದೆ. ಬೊಂಬೆ ಕಡೆಯುವ ಹಿರಿಯರೊಬ್ಬರು ನನ್ನ ಚಿತ್ರ ನೋಡಿ, "ನಮ್ದು ಆಲೆ ಮರ ಕಣಪ್ಪ. ಮಕ್ಕಳ ಕೈಗೆ ಕೊಡೋಕೆ ಚೆಂದ, ಇದಕ್ಕಾಗಲ್ಲ. ಗೊತ್ತಿರೋರನ್ನ ಕೇಳು" ಅಂದರು. ನಾನು ಯಾರನ್ನೂ ಕೇಳಲಿಲ್ಲ. ಒಂದೇ ತೇಗದ ಹಲಗೆಯಲ್ಲಿ ಬಡಗಿಯಿಂದ ಕೆತ್ತಿಸಿದೆ. ನಿಜವಾದ ಮರದ ಪ್ರೊಪೆಲ್ಲರನ್ನು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತುತ್ತಾರೆ. ಒಂದು ಪದರದ ಬಿರುಕು ಇನ್ನೊಂದಕ್ಕೆ ಸುಲಭವಾಗಿ ಹರಿಯುವುದಿಲ್ಲ.

ಮೂರನೇ ಸಲ ಓಡಿಸಿದಾಗ ಹಲಗೆ ಎಳೆಯುದ್ದಕ್ಕೂ ಸೀಳಿತು. ಅರ್ಧ ತುಂಡು ಕೊಟ್ಟಿಗೆಯ ಶೀಟು ತೂರಿಕೊಂಡು ಹೋಗಿ ಗೋಡೆಗೆ ನಾಟಿತು. ಹಾಲು ಕರೆದು ಅಮ್ಮ ಆಗಷ್ಟೇ ಎದ್ದು ಹೊರಗೆ ಬಂದಿದ್ದರು. ಚೊಂಬು ಇನ್ನೂ ಕೈಯಲ್ಲಿತ್ತು. ಇತ್ತ ಎಂಜಿನ್ ತನ್ನ ಬೋಲ್ಟು ಕಿತ್ತುಕೊಂಡು ವಾಲಿತ್ತು. ಲೆಕ್ಕ ಹಾಕಿದ್ದು ಆಮೇಲೆ: ಒಂದು ಕೆಜಿ ತೂಕದ ಅಲಗು 2500 ಸುತ್ತಿನಲ್ಲಿ ತಿರುಗುವಾಗ ನಡುಭಾಗವನ್ನು ಎರಡೂವರೆ ಟನ್ನಿಗೂ ಮೀರಿ ಎಳೆಯುತ್ತಿರುತ್ತದೆ. ಒಂದು ಕಡೆಯದು ಹೋದರೆ ಇನ್ನೊಂದು ಕಡೆಯದು ಎಂಜಿನ್ನನ್ನೇ ಕಿತ್ತೊಯ್ಯುತ್ತದೆ.

ಅಪ್ಪ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಮೇಲೋದಾಗ ಹಿಂಗಾಗಿದ್ರೆ ಎಲ್ಲಿ ಇಳೀತಿದ್ದೆ ಮಗ?" ಮಾಗಡಿ ಕಡೆ ಬಂಡೆ, ಚನ್ನಪಟ್ಟಣದ ಕಡೆ ತೆಂಗಿನ ತೋಟ, ಕನಕಪುರದ ಕಡೆ ಕಾಡು. ನನ್ನ ಬಳಿ ಉತ್ತರ ಇರಲಿಲ್ಲ. ಆ ವರ್ಷವೇ ಬೆಂಗಳೂರಿಗೆ ಹೋಗಿ ಲಘು ವಿಮಾನಗಳ ಎಂಜಿನ್ ರಿಪೇರಿ ಮಾಡುವವರ ಕೈಕೆಳಗೆ ಸೇರಿದೆ. ಕಲಿತದ್ದೆಲ್ಲ ಅಲ್ಲಿ.

ಎಂಜಿನ್ ಸಿಗದ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ರೈಟ್ ಸಹೋದರರು ಹಲವು ಕಂಪನಿಗಳಿಗೆ ಪತ್ರ ಬರೆದರೂ ಬೇಕಾದಷ್ಟು ಹಗುರದ ಎಂಜಿನ್ ಸಿಗಲಿಲ್ಲ. ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಮಾಡಿಕೊಟ್ಟ ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನಿಂದಲೇ 1903ರಲ್ಲಿ ಹಾರಿದರು. ಪ್ರೊಪೆಲ್ಲರುಗಳನ್ನು ಚೈನಿನಿಂದ ನಿಧಾನವಾಗಿ ತಿರುಗಿಸಿದರು. ಕಡಿಮೆ ಶಕ್ತಿಯನ್ನು ಒಳ್ಳೆಯ ಪ್ರೊಪೆಲ್ಲರ್ ತುಂಬಿಕೊಟ್ಟಿತು.

ಬೆಂಗಳೂರಿನ ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್ ಎಂಬ ಎರಡು ಆಸನದ ಪುಟ್ಟ ವಿಮಾನ ಕಿಟ್ ರೂಪದಲ್ಲಿ ಹೊರದೇಶಗಳಿಗೂ ಹೋಗಿದೆ. ಆ ಮಾದರಿಗಳಿಗೆ ಎರಡು ಸ್ಟ್ರೋಕಿನ ರೋಟಾಕ್ಸ್ 582 ಹಾಕಿದವರಿದ್ದಾರೆ, ನಾಲ್ಕು ಸ್ಟ್ರೋಕಿನ ಜಬಿರು 2200 ಹಾಕಿದವರೂ ಇದ್ದಾರೆ. ಜಬಿರುವಿಗೆ ಗೇರಿಲ್ಲ, 3300 ಸುತ್ತಿನಲ್ಲಿ ಪ್ರೊಪೆಲ್ಲರ್ ನೇರ ತಿರುಗುತ್ತದೆ, ಹಾಗಾಗಿ ಅದು ಗಿಡ್ಡ ಇರಬೇಕು. ನಮ್ಮ ಎನ್‌ಎಎಲ್‌ನವರೇ ಹಂಸ ವಿಮಾನದ ಆರಂಭದ ಮಾದರಿಗೆ ಕಾಂಟಿನೆಂಟಲ್ ಎಂಜಿನ್ ಹಾಕಿ, ಹಂಸ-3ಕ್ಕೆ ಬರುವಾಗ ಹಗುರವಾದ ರೋಟಾಕ್ಸ್ 914ಕ್ಕೆ ಬದಲಾಯಿಸಿದರು. 2021ರಲ್ಲಿ ಹಾರಿದ ಹಂಸ-ಎನ್‌ಜಿಯಲ್ಲಿರುವುದು ರೋಟಾಕ್ಸ್ 912.

ಈಗ ದುಡ್ಡಿನ ಮಾತು. 582ರಂಥ ಎರಡು ಸ್ಟ್ರೋಕಿನ ಎಂಜಿನ್ ಕೊಳ್ಳುವಾಗ ಅಗ್ಗ. ಆದರೆ 300 ಗಂಟೆಗೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಹಠಾತ್ತನೆ ನಿಲ್ಲಬಹುದು ಎಂದು ತಯಾರಕರೇ ಪುಸ್ತಕದಲ್ಲಿ ಎಚ್ಚರಿಸುತ್ತಾರೆ. ಈಗಿನ 912ಕ್ಕೆ ಆ ಅವಧಿ 2000 ಗಂಟೆ. ಬೆಲೆಯನ್ನು ಗಂಟೆಗಳಿಂದ ಭಾಗಿಸಿ ನೋಡಿ, ನಮ್ಮ ಗಣಿತದ ಮೇಷ್ಟ್ರು ಮೆಚ್ಚುತ್ತಾರೆ. ಸೆಕೆಂಡ್ ಹ್ಯಾಂಡ್ ತಂದರೆ ಲಾಗ್ ಬುಕ್ ಕೇಳಿ. ಪುಸ್ತಕ ಇಲ್ಲದ ಎಂಜಿನ್ನನ್ನು ಪುಕ್ಕಟೆ ಕೊಟ್ಟರೂ ನಾನು ಹಾರಿಸಲಾರೆ.

ಪ್ರೊಪೆಲ್ಲರ್ ವಿಷಯದಲ್ಲಿ ಎರಡು ಅಳತೆ: ವ್ಯಾಸ ಮತ್ತು ಪಿಚ್. ಪಿಚ್ ಅಂದರೆ ಒಂದು ಸುತ್ತಿಗೆ ಸ್ಕ್ರೂವಿನಂತೆ ಎಷ್ಟು ಮುಂದೆ ಹೋಗಬೇಕು ಎಂಬ ಲೆಕ್ಕ. ಸೈಕಲ್ ಗೇರಿನ ಹಾಗೆ. ಪಿಚ್ ಜಾಸ್ತಿಯಾದರೆ ಎಂಜಿನ್ ಉಬ್ಬಸಪಡುತ್ತದೆ, ಕಡಿಮೆಯಾದರೆ ಸುಮ್ಮನೆ ಗಿರಗಿರ ಸುತ್ತುತ್ತದೆ. ಎಂಜಿನ್ ಯಾವುದೆಂದು ಪಕ್ಕಾ ಇಲ್ಲದವರು ನೆಲದ ಮೇಲೆ ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಕೊಳ್ಳಲಿ. ಬೆಲೆ ಹೆಚ್ಚು, ಆದರೆ ಮೂರು ಮರದವು ಕೆತ್ತಿಸಿ ಎಸೆಯುವುದಕ್ಕಿಂತ ವಾಸಿ.

ಹುಡುಗರೇ, ಹಾರಿಸಲು ಡಿಜಿಸಿಎ ಅನುಮತಿ ಬೇಕು, ಅದು ದೂರದ ಮಾತು. ಸದ್ಯಕ್ಕೆ ಎಂಜಿನ್ ಸ್ಟ್ಯಾಂಡ್ ಒಂದನ್ನು ಶಾಲೆಗೆ ಕೊಡುತ್ತಿದ್ದೇನೆ. ಚಕ್ರದ ಮೇಲಿದೆ, ಹಿಂದೆ ಸ್ಪ್ರಿಂಗ್ ತಕ್ಕಡಿ ಕಟ್ಟಿದ್ದೇನೆ. ಎಷ್ಟು ಕೆಜಿ ಎಳೆಯುತ್ತದೆ ಅಂತ ಮುಳ್ಳು ತೋರಿಸುತ್ತದೆ. ಅದನ್ನು ಮಾಡಿದ್ದು ನನ್ನ ವಿಮಾನದ ಟ್ಯೂಬುಗಳಿಂದ. ಉಳಿದವು ನಮ್ಮ ಹುಳುಮನೆಯಲ್ಲಿ ತಟ್ಟೆ ಹೊತ್ತಿವೆ. ನಾನಾಗಲಿ ಮೇಷ್ಟ್ರಾಗಲಿ ಇಲ್ಲದಾಗ ಚಾಲೂ ಮಾಡಬೇಡಿ. ಪ್ರೊಪೆಲ್ಲರ್ ತಿರುಗುವ ನೇರಕ್ಕೆ ಎರಡೂ ಕಡೆ ನೆಲದ ಮೇಲೆ ಕೆಂಪು ಗೆರೆ ಎಳೆಸಿದ್ದೇನೆ. ಆ ಗೆರೆಯ ಮೇಲೆ ಯಾರೂ ನಿಲ್ಲಬಾರದು, ಹಸುವನ್ನೂ ಕಟ್ಟಬಾರದು.