ಕಟ್ಟುವ ನಿರ್ಣಯ ಇದೆ, ಕಾಪಾಡುವ ನಿರ್ಣಯ ಎಲ್ಲಿದೆ?

(ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜಧಾನಿಯಲ್ಲಿ ಒಂದು ಸರಕಾರ ಬಿದ್ದು ಇನ್ನೊಂದು ಬಂದರೆ ಆ ದಿನ ನಮ್ಮ ಮನೆಯ ನಳ್ಳಿ ನಿಲ್ಲುವುದಿಲ್ಲ. ಆದರೆ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಹತ್ತು ನಿಮಿಷಗಳಲ್ಲಿ ಅಂಗೀಕಾರಗೊಂಡ ಒಂದು ನಿರ್ಣಯವು ನಮ್ಮ ಬೀದಿಯ ನೀರು, ಚರಂಡಿ ಮತ್ತು ದೀಪಗಳ ಹಣೆಬರಹವನ್ನು ಮುಂದಿನ ಇಪ್ಪತ್ತು ವರ್ಷಗಳಿಗೆ ಬರೆದುಬಿಡುತ್ತದೆ. ವಿಪರ್ಯಾಸವೆಂದರೆ, ಸರಕಾರ ಬಿದ್ದ ಸುದ್ದಿಯನ್ನು ನಾವು ಮಧ್ಯರಾತ್ರಿಯವರೆಗೆ ಚರ್ಚಿಸುತ್ತೇವೆ. ಪುರಸಭೆಯ ಸಭೆ ಯಾವ ದಿನ ನಡೆಯಿತು ಎಂಬುದು ಮಾತ್ರ ಊರಿನ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಇಂದು ನಾವು ಆ ಸಭೆಯ ಬಗ್ಗೆ ಮಾತಾಡಲು ಬಯಸುತ್ತೇವೆ. ಯಾವ ಪಕ್ಷದ ಆಡಳಿತ ಒಳ್ಳೆಯದು ಎಂಬುದು ಇಲ್ಲಿಯ ವಿಷಯವಲ್ಲ. ಯಾವ ಪಕ್ಷ ಬಂದರೂ ಬದಲಾಗದ ಒಂದು ಕಾಯಿಲೆ ನಮ್ಮ ಸಣ್ಣ ಪಟ್ಟಣಗಳಿಗಿದೆ. ಕಟ್ಟಲು ನಿರ್ಣಯವಿದೆ, ಕಟ್ಟಿದ್ದನ್ನು ಕಾಪಾಡಲು ನಿರ್ಣಯವಿಲ್ಲ. ಇದೇ ಆ ಕಾಯಿಲೆ.

ಮೊದಲು ವ್ಯವಸ್ಥೆಯನ್ನು ಅರಿತುಕೊಳ್ಳೋಣ. ಕರ್ನಾಟಕದ ಸಣ್ಣ ಪಟ್ಟಣಗಳು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯಿದ್ದರೆ ಪಟ್ಟಣ ಪಂಚಾಯತ್, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ. ಈ ಕಾಯ್ದೆ ಪೌರಸಭೆಯ ಕರ್ತವ್ಯಗಳನ್ನು ಎರಡಾಗಿ ವಿಂಗಡಿಸಿದೆ. ಬೀದಿದೀಪ, ಬೀದಿಯ ಶುಚಿತ್ವ, ಚರಂಡಿ, ಕುಡಿಯುವ ನೀರಿನಂಥವು ಕಡ್ಡಾಯ ಕರ್ತವ್ಯಗಳು. ಉದ್ಯಾನವನದಂಥವು ವಿವೇಚನೆಗೆ ಬಿಟ್ಟವು. ಅರ್ಥಾತ್, ಕಾನೂನು ತನ್ನ ಆದ್ಯತೆಯನ್ನು ಆರು ದಶಕಗಳ ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟಿದೆ. ಆದರೆ ನಮ್ಮ ಪಟ್ಟಣಗಳನ್ನು ಪ್ರವೇಶಿಸುವಾಗ ಮೊದಲು ಕಣ್ಣಿಗೆ ಬೀಳುವುದೇನು? ಸ್ವಾಗತ ಕಮಾನು, ಹೈಮಾಸ್ಟ್ ದೀಪ, ವಾಣಿಜ್ಯ ಸಂಕೀರ್ಣ. ಕಮಾನಿನ ಬುಡದಲ್ಲೇ ಮುಚ್ಚಳವಿಲ್ಲದ ಚರಂಡಿ ಹರಿಯುತ್ತಿರುತ್ತದೆ.

ಹೀಗೇಕಾಗುತ್ತದೆ? ಕೌನ್ಸಿಲರ್‌ಗಳೆಲ್ಲ ಕೆಟ್ಟವರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಅಷ್ಟರೊಳಗೆ ಜನರಿಗೆ ತೋರಿಸುವಂಥದ್ದು ಏನಾದರೂ ಆಗಬೇಕು. ಕಾಂಕ್ರೀಟ್ ರಸ್ತೆಗೆ ಉದ್ಘಾಟನೆ ಇದೆ, ಹೆಸರು ಕೆತ್ತಿದ ಕಲ್ಲು ಇದೆ. ಸೋರುತ್ತಿದ್ದ ವಾಲ್ವನ್ನು ಬದಲಿಸಿದ್ದಕ್ಕೆ ಯಾರೂ ಕಲ್ಲು ನೆಡುವುದಿಲ್ಲ. ಮೇಲಿನಿಂದ ಬರುವ ಅನುದಾನವೂ ಹೆಚ್ಚಾಗಿ ಹೊಸ ಕಾಮಗಾರಿಗೆ ಬರುತ್ತದೆ. ಆ ಕಾಮಗಾರಿಯನ್ನು ವರ್ಷಾನುವರ್ಷ ನೋಡಿಕೊಳ್ಳುವ ಖರ್ಚನ್ನು ಪುರಸಭೆ ತನ್ನ ಆಸ್ತಿ ತೆರಿಗೆ ಮತ್ತು ನೀರಿನ ಶುಲ್ಕದಿಂದಲೇ ಭರಿಸಬೇಕು. ಆ ಆದಾಯವೋ ಸಿಬ್ಬಂದಿಯ ವೇತನಕ್ಕೂ ಪಂಪಿನ ವಿದ್ಯುತ್ ಬಿಲ್ಲಿಗೂ ಸಾಲದ ಸ್ಥಿತಿ ಎಷ್ಟೋ ಕಡೆ ಇದೆ. ಹೀಗಿರುವಾಗ ಪ್ರತಿಯೊಂದು ಹೊಸ ಕಾಮಗಾರಿಯೂ ಪುರಸಭೆಯ ತಲೆಯ ಮೇಲೆ ಒಂದು ಹೊಸ ಖರ್ಚನ್ನು ಹೊರಿಸುತ್ತದೆ. ಆ ಖರ್ಚಿನ ಬಗ್ಗೆ ನಿರ್ಣಯದಲ್ಲಿ ಒಂದು ಸಾಲೂ ಇರುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಳಚರಂಡಿ ಬೇಕು ಎಂಬುದು ಇಂದು ಎಲ್ಲ ಪಟ್ಟಣಗಳ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಒಳಚರಂಡಿ ಕೆಲಸ ಮಾಡುವುದು ನೀರಿನಿಂದ. ಕೊಳವೆಯಲ್ಲಿ ಸಾಕಷ್ಟು ನೀರು ಹರಿದರೆ ಮಾತ್ರ ಮಲಿನ ಮುಂದಕ್ಕೆ ಸಾಗುತ್ತದೆ. ಆದ್ದರಿಂದಲೇ ಕೇಂದ್ರ ಸರಕಾರದ 1999ರ ತಾಂತ್ರಿಕ ಕೈಪಿಡಿಯು ಒಳಚರಂಡಿ ಇಲ್ಲದ ಪಟ್ಟಣಕ್ಕೆ ತಲಾ ದಿನಕ್ಕೆ 70 ಲೀಟರ್ ನೀರನ್ನು ನಿಗದಿಪಡಿಸಿದ್ದರೆ, ಒಳಚರಂಡಿ ಇರುವ ಪಟ್ಟಣಕ್ಕೆ 135 ಲೀಟರನ್ನು ಹೇಳಿತ್ತು. ಹೆಚ್ಚುಕಡಿಮೆ ಇಮ್ಮಡಿ. ಹಾಗಾದರೆ ನಾಲ್ಕೈದು ದಿನಗಳಿಗೊಮ್ಮೆ ನೀರು ಬಿಡುವ ಪಟ್ಟಣದಲ್ಲಿ ಒಳಚರಂಡಿ ಹಾಕಿದರೆ ಏನಾಗಬಹುದು? ಕೊಳವೆ ಕಟ್ಟಿಕೊಳ್ಳುತ್ತದೆ, ಮ್ಯಾನ್‌ಹೋಲ್ ಉಕ್ಕುತ್ತದೆ. ಆಮೇಲೆ ಅದರೊಳಕ್ಕೆ ಒಬ್ಬ ಬಡವನನ್ನು ಇಳಿಸಲಾಗುತ್ತದೆ. ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿದೆ. ಆದರೆ ಆ ಸಾವಿನ ಬೀಜ ಬಿತ್ತಲ್ಪಟ್ಟದ್ದು ಮ್ಯಾನ್‌ಹೋಲಿನಲ್ಲಲ್ಲ. ನೀರಿನ ಲೆಕ್ಕ ಕೇಳದೆ ಒಳಚರಂಡಿಗೆ ಕೈಯೆತ್ತಿದ ಸಭಾಂಗಣದಲ್ಲಿ.

ಕರಾವಳಿಯವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ 1999ರಲ್ಲಿ ಮಂಜೂರಾದ ಯೋಜನೆಯು ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು, ಭಟ್ಕಳ, ಕಾರವಾರ ಸೇರಿದಂತೆ ಕರಾವಳಿ ಮತ್ತು ಉತ್ತರ ಕನ್ನಡದ ಹತ್ತು ಪಟ್ಟಣಗಳನ್ನು ಒಳಗೊಂಡಿತ್ತು. ನೀರು, ಒಳಚರಂಡಿ, ಕಸ ಎಲ್ಲವೂ ಅದರಲ್ಲಿದ್ದವು. ಈ ಊರುಗಳ ವಿಶೇಷವೆಂದರೆ ಮನೆಮನೆಯ ಬಾವಿ. ಇಳಿಜಾರಿನ ತಗ್ಗಿನಲ್ಲಿ ಕೊಳಚೆ ಸಂಗ್ರಹವಾಗುವ ವೆಟ್‌ವೆಲ್ ಇರುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲಕ್ಕೆತ್ತಿ ಸಾಗಿಸಬೇಕು. ವಿದ್ಯುತ್ ಹೋಗಿ, ಜನರೇಟರ್‌ಗೆ ಡೀಸೆಲ್ ಇಲ್ಲದೆ ಪಂಪು ನಿಂತರೆ ಕೊಳಚೆ ಉಕ್ಕಿ ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ತಲೆಮಾರುಗಳ ಕಾಲ ನೀರು ಕೊಟ್ಟ ಬಾವಿಯನ್ನು ಕೆಲವು ಲೀಟರ್ ಡೀಸೆಲ್ಲಿನ ಕೊರತೆ ಕೊಲ್ಲಬಲ್ಲುದು! ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಗೆ ಮಂಜೂರಾತಿ ಪಡೆದ ಊರಿನಲ್ಲಿ ಡೀಸೆಲ್ಲಿಗೆ ಮಂಜೂರಾತಿ ಇಲ್ಲವೆಂದರೆ ಅದನ್ನು ಅಭಿವೃದ್ಧಿ ಎನ್ನಬಹುದೇ?

ಕುಡಿಯುವ ನೀರಿನ ವಿಷಯವೂ ಹೀಗೆಯೇ. ದಿನವಿಡೀ ನೀರು ತುಂಬಿರುವ ಕೊಳವೆ ಸೋರಿದರೆ ಒಳಗಿನ ನೀರು ಹೊರಕ್ಕೆ ಹೋಗುತ್ತದೆ. ಆದರೆ ದಿನಗಟ್ಟಲೆ ಖಾಲಿಯಿರುವ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಕೊಳಚೆ ಒಳಕ್ಕೆ ಸೇರುತ್ತದೆ. ನಮ್ಮ ಪಟ್ಟಣಗಳ ಬಡ ಕೇರಿಗಳಲ್ಲಿ ಮನೆಯ ನೀರಿನ ಕೊಳವೆ ತೆರೆದ ಚರಂಡಿಯನ್ನು ಹಾದೇ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು. 2023ರ ಆಗಸ್ಟ್ ಆರಂಭದ ವೇಳೆಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಹಲವರು ಪ್ರಾಣ ಕಳೆದುಕೊಂಡರು. ಅಮಾನತು, ತನಿಖೆ, ಪರಿಹಾರ ಎಲ್ಲವೂ ನಡೆಯಿತು. ಆದರೆ ಅಮಾನತಿನಿಂದ ಹಳೆಯ ಕೊಳವೆ ಹೊಸದಾಗುವುದಿಲ್ಲ. ನಿಮ್ಮ ಪಟ್ಟಣದಲ್ಲಿ ನೀರಿನ ಪರೀಕ್ಷೆ ಕೊನೆಯದಾಗಿ ಯಾವಾಗ ನಡೆಯಿತು? ಅದರ ವರದಿ ಸಾಮಾನ್ಯ ಸಭೆಯ ಮುಂದೆ ಬಂದಿತ್ತೇ? ಕೇಳಿ ನೋಡಿ.

ಇನ್ನು ನಿರ್ಣಯಗಳ ಮುಂದೆ ಮನುಷ್ಯರ ಬೆಲೆ ಎಷ್ಟು ಎಂಬ ಪ್ರಶ್ನೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ ನಡೆದುದನ್ನು ಈ ನಾಡು ಮರೆಯಬಾರದು. ತಲೆತಲಾಂತರದಿಂದ ಆ ಪಟ್ಟಣದ ಮಲ ಹೊತ್ತ ಭಂಗಿ ಸಮುದಾಯದ ಕುಟುಂಬಗಳು ವಾಸಿಸುತ್ತಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಮುಂದಾಯಿತು. ಜಾಗ ಖಾಲಿ ಮಾಡುವ ಒತ್ತಡ ಬಂತು. ಮನವಿಗಳಿಗೆ ಬೆಲೆ ಸಿಗದಿದ್ದಾಗ ಅವರು ಪುರಸಭೆಯ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಮೊದಲ ಕಾಯ್ದೆ ಬಂದು ಆಗ 17 ವರ್ಷಗಳಾಗಿದ್ದವು. ಅಂದು ಇಡೀ ರಾಜ್ಯ ತಲೆತಗ್ಗಿಸಿತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಸಂಕೀರ್ಣದಿಂದ ಬಾಡಿಗೆ ಬರುತ್ತದೆ, ಪಟ್ಟಣಕ್ಕೆ ಆದಾಯವಾಗುತ್ತದೆ ಎಂಬುದು ಕಾಗದದ ಮೇಲೆ ತಪ್ಪಿಲ್ಲದ ಲೆಕ್ಕ. ಆ ಜಾಗದಲ್ಲಿ ಬದುಕುವವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಲೆಕ್ಕದ ಹೊರಗಿತ್ತು. ಪಟ್ಟಣವನ್ನು ಶುಚಿಯಾಗಿಟ್ಟವರನ್ನೇ ಹೊರಗಿಟ್ಟು ಪಟ್ಟಣವನ್ನು ಸುಂದರಗೊಳಿಸುವ ಯಾವ ನಿರ್ಣಯವೂ ನ್ಯಾಯದ ತಕ್ಕಡಿಯಲ್ಲಿ ನಿಲ್ಲಲಾರದು.

ಹಾಗಾದರೆ ಜನರು ಈ ಮಾತನ್ನು ಎಲ್ಲಿ ಹೇಳಬೇಕು? ಇಲ್ಲೇ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು. ಗ್ರಾಮ ಪಂಚಾಯತ್‌ಗೆ ಗ್ರಾಮಸಭೆ ಇದೆ. ಅಲ್ಲಿ ಸಾಮಾನ್ಯ ಕೂಲಿಕಾರನೂ ಎದ್ದು ನಿಂತು ಪ್ರಶ್ನಿಸಬಹುದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಹಳ್ಳಿಗೂ ಮಹಾನಗರಕ್ಕೂ ನಡುವೆ ಇರುವ ಸಣ್ಣ ಪಟ್ಟಣಕ್ಕೆ ಎರಡೂ ಇಲ್ಲ. ಕೋಟೆಕಾರ್, ವಿಟ್ಲ, ಜಾಲಿಯಂಥ ಊರುಗಳು ಗ್ರಾಮ ಪಂಚಾಯತ್‌ನಿಂದ ಪಟ್ಟಣ ಪಂಚಾಯತ್ ಆದಾಗ ಜನರು ಅದನ್ನು ಬಡ್ತಿ ಎಂದು ಭಾವಿಸಿದರು. ಆದರೆ ಆ ಬಡ್ತಿಯಲ್ಲಿ ಗ್ರಾಮಸಭೆ ಎಂಬ ಮಾತಿನ ಹಕ್ಕು ಹೋಯಿತು. ಪುರಸಭೆಯ ಸಭೆಯಲ್ಲಿ ಪ್ರೇಕ್ಷಕನಾಗಿ ಕುಳಿತರೂ ನಾಗರಿಕನಿಗೆ ಮಾತಾಡುವ ಹಕ್ಕಿಲ್ಲ.

ಅಷ್ಟೇ ಅಲ್ಲ, ಮಾತಾಡಬೇಕಾದ ಪ್ರತಿನಿಧಿಗಳೇ ಮೂಕರಾಗಿ ಕುಳಿತ ಕಾಲವೂ ಉಂಟು. 2018ರಲ್ಲಿ ಚುನಾವಣೆ ನಡೆದ ಹಲವು ಪಟ್ಟಣಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದದಿಂದಾಗಿ ಅಧ್ಯಕ್ಷರ ಆಯ್ಕೆ 2020ರವರೆಗೆ ನಡೆಯಲೇ ಇಲ್ಲ. ಮೊದಲ ಅವಧಿ ಮುಗಿದ ಬಳಿಕ 2023ರಿಂದ 2024ರ ತನಕ ಮತ್ತೆ ಅದೇ ಸ್ಥಿತಿ. ಗೆದ್ದ ಸದಸ್ಯರು ಮನೆಯಲ್ಲಿದ್ದರು, ಅಧಿಕಾರಿಗಳು ಆಡಳಿತ ನಡೆಸಿದರು. ವಿಧಾನಸಭೆಗೆ ಹೀಗಾಗಿದ್ದರೆ ನಾಡು ಸುಮ್ಮನಿರುತ್ತಿತ್ತೇ?

ಆದರೂ ನಿರಾಶರಾಗಬೇಕಾಗಿಲ್ಲ. ಕೈಯಲ್ಲಿರುವ ಸಾಧನಗಳನ್ನು ಬಳಸಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಭೆಯ ನಡಾವಳಿ, ಕ್ರಿಯಾ ಯೋಜನೆ, ಟೆಂಡರಿನ ಷರತ್ತು ಮತ್ತು ಬಿಲ್ಲಿನ ಪ್ರತಿಗಳನ್ನು ಯಾವ ನಾಗರಿಕನೂ ಪಡೆಯಬಹುದು. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಆಯವ್ಯಯ ಮತ್ತು ಖರ್ಚಿನ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಕಚೇರಿಯ ಹೊಣೆ. ಪುರಸಭೆಯ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಶೇ. 24.10, ಇತರ ಬಡವರಿಗಾಗಿ ಶೇ. 7.25 ಮತ್ತು ವಿಕಲಚೇತನರಿಗಾಗಿ ಶೇ. 5ರಷ್ಟನ್ನು ಮೀಸಲಿಡುವ ನಿಯಮವಿದೆ. ಈ ಹಣ ಯಾವ ಕೇರಿಗೆ ಹೋಯಿತು, ಯಾವ ಮನೆಗೆ ತಲುಪಿತು ಎಂದು ವಿಚಾರಿಸುವವರು ಎಷ್ಟು ಮಂದಿ? ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಸಣ್ಣ ನಗರ, ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಅದರ ಲೆಕ್ಕವೂ ಕಡತದಲ್ಲಿದೆ. ಕೇಳುವವರು ಬೇಕು.

ನಮ್ಮ ಸಲಹೆ ಸರಳವಾದುದು. ಪ್ರತಿ ವಾರ್ಡಿನಲ್ಲಿ ಎಲ್ಲ ಜಾತಿ, ಧರ್ಮ, ಪಕ್ಷಗಳ ಐದಾರು ಜನರು, ಮಹಿಳೆಯರನ್ನೂ ಸೇರಿಸಿಕೊಂಡು, ತಿಂಗಳಿಗೊಮ್ಮೆ ಕುಳಿತುಕೊಳ್ಳಲಿ. ನೀರು ಯಾವ ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಮಹಿಳೆಯರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಮುಂದಿನ ಸಭೆಯ ಕಾರ್ಯಸೂಚಿಯನ್ನು ಕೌನ್ಸಿಲರ್‌ರಿಂದ ಕೇಳಿ ಪಡೆಯಲಿ. ಪ್ರತಿ ಕಾಮಗಾರಿಯ ಬಗ್ಗೆ ಅವರಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಇದನ್ನು ವರ್ಷಕ್ಕೆ ಎಷ್ಟು ಖರ್ಚಿನಲ್ಲಿ ನೋಡಿಕೊಳ್ಳಬೇಕು? ಆ ಹಣ ಎಲ್ಲಿಂದ? ಇದರಿಂದ ಯಾರು ಮನೆ, ಬಾವಿ ಅಥವಾ ವ್ಯಾಪಾರ ಕಳೆದುಕೊಳ್ಳುತ್ತಾರೆ? ಕೊಳವೆ ಹಾಕಿದ ಮೇಲೆ ರಸ್ತೆಯೋ, ರಸ್ತೆ ಹಾಕಿದ ಮೇಲೆ ಅಗೆತವೋ? ಈ ನಾಲ್ಕನ್ನು ಸಭೆಯಲ್ಲಿ ಎತ್ತಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ ಎಂದು ಕೌನ್ಸಿಲರ್‌ರಿಗೆ ಲಿಖಿತವಾಗಿ ಕೊಡಲಿ. ಮಾತು ಗಾಳಿಗೆ ಹೋಗುತ್ತದೆ, ನಡಾವಳಿ ಉಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಕಹಿ ಮಾತು. ತೆರಿಗೆ ಕಟ್ಟದೆ, ಅನಧಿಕೃತವಾಗಿ ನೀರಿನ ಸಂಪರ್ಕ ಪಡೆದು, ಮಳೆನೀರಿನ ಚರಂಡಿಗೆ ಶೌಚದ ಕೊಳವೆ ಸೇರಿಸಿದವರು ಪುರಸಭೆಯ ಮುಂದೆ ಎದೆಯೆತ್ತಿ ನಿಲ್ಲಲಾರರು. ಹಕ್ಕು ಕೇಳುವವನ ಕೈ ಶುದ್ಧವಾಗಿರಬೇಕು. ಬಡವನಿಗೆ ರಿಯಾಯಿತಿ ಇರಲಿ. ಆದರೆ ಎರಡಂತಸ್ತಿನ ಮನೆಯವನು ಒಂದಂತಸ್ತಿನ ತೆರಿಗೆ ಕಟ್ಟಿ ಬೀದಿದೀಪ ಉರಿಯುತ್ತಿಲ್ಲವೆಂದು ಗೊಣಗುವುದರಲ್ಲಿ ಯಾವ ನ್ಯಾಯವಿದೆ?

ಸಹೋದರ ಸಹೋದರಿಯರೇ, ಕಟ್ಟುವುದು ಒಂದು ದಿನದ ಸಂಭ್ರಮ, ಕಾಪಾಡುವುದು ಪ್ರತಿದಿನದ ಹೊಣೆ. ಮುಂದಿನ ತಿಂಗಳು ನಿಮ್ಮ ಪುರಸಭೆಯ ಸಾಮಾನ್ಯ ಸಭೆ ಯಾವ ತಾರೀಕಿಗೆ ಎಂಬುದನ್ನು ಈ ವಾರದೊಳಗೆ ತಿಳಿದುಕೊಳ್ಳಿ. ಅದಕ್ಕೆ ಮುಂಚೆ ನಿಮ್ಮ ವಾರ್ಡಿನ ಪ್ರಶ್ನೆಗಳು ಕೌನ್ಸಿಲರ್‌ರ ಕೈಸೇರಲಿ.