ಕಂಪ್ಯೂಟರಿನಲ್ಲಿ ತಾರೀಖಿನ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ವೇದಿಕೆಯಲ್ಲಿ ಸಹಕಾರ ತತ್ವದ ಬಗ್ಗೆ, ಸಂಘ ಕಟ್ಟಿದ ಹಿರಿಯರ ಬಗ್ಗೆ ಮಾತಾಡುವುದು ವಾಡಿಕೆ. ಅದನ್ನು ಬೆಳಗಿನ ಅಧಿವೇಶನದಲ್ಲಿ ತಿಳಿದವರು ಚೆನ್ನಾಗಿಯೇ ಮಾಡಿದ್ದಾರೆ. ನಮಗೆ ಕೊಟ್ಟ ವಿಷಯ ಬೇರೆ. ಕಂಪ್ಯೂಟರು ತಾರೀಖನ್ನು ತನ್ನ ಹೊಟ್ಟೆಯೊಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದು. ಇದೇನು ಹೇಳುವಂಥ ವಿಷಯ, ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲವೇ ಅಂತ ನೀವು ಕೇಳಬಹುದು. ಆದರೆ ಸಾಲದ ಬಡ್ಡಿ, ಠೇವಣಿಯ ಬಡ್ಡಿ, ವಾಯಿದೆ, ಸುಸ್ತಿ ಇವೆಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ತಾರೀಖಿನಿಂದ ಆ ತಾರೀಖಿಗೆ ಎಷ್ಟು ದಿನ? ಲೆಡ್ಜರ್ ಕೈಬರಹದಲ್ಲಿದ್ದ ಕಾಲದಲ್ಲಿ ಈ ದಿನಗಳನ್ನು ಸೆಕ್ರೆಟರಿಯವರು ಬೆರಳು ಮಡಿಚಿ ಎಣಿಸುತ್ತಿದ್ದರು, ಸಂಶಯ ಬಂದರೆ ಸದಸ್ಯರೂ ಎದುರಿಗೆ ಕೂತು ಎಣಿಸುತ್ತಿದ್ದರು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೀಗೆ ಎಣಿಸುವ ಕೆಲಸ ಯಂತ್ರಕ್ಕೆ ಹೋಗುತ್ತಿದೆ. ಯಂತ್ರ ಹೇಗೆ ಎಣಿಸುತ್ತದೆಂದು ಗೊತ್ತಿದ್ದರೆ ತಾನೇ ಎದುರಿಗೆ ಕೂತು ನಾವೂ ಎಣಿಸಲು ಸಾಧ್ಯ?

ಕಂಪ್ಯೂಟರಿಗೆ ತಿಂಗಳು ಬೇಡ, ವಾರ ಬೇಡ. ಅದಕ್ಕೆ ಒಂದು ಮೊದಲ ದಿನ ಗೊತ್ತು ಮಾಡಿ ಕೊಟ್ಟಿರುತ್ತಾರೆ. ಅಲ್ಲಿಂದ ಒಂದು, ಎರಡು, ಮೂರು ಎಂದು ದಿನಕ್ಕೊಂದು ಕ್ರಮಸಂಖ್ಯೆ. ಸಂಘದ ಆಫೀಸಿನಲ್ಲಿ ಪಟ್ಟಿ ಮಾಡಲು ಬಳಸುವ ಎಕ್ಸೆಲ್‌ನಲ್ಲಿ 1900ನೇ ಇಸವಿ ಜನವರಿ 1 ಎಂದರೆ ಒಂದನೇ ದಿನ. 1947ರ ಆಗಸ್ಟ್ 15 ಎಂದರೆ 17394. ರಾಜ್ಯ ಏಕೀಕರಣವಾದ 1956ರ ನವೆಂಬರ್ 1 ಎಂದರೆ 20760. ಪರದೆಯ ಮೇಲೆ ನಮಗೆ ಕಾಣುವ ‘31-03-2025’ ಬರೀ ಮೇಲಂಗಿ, ಒಳಗಿರುವುದು 45747.

ಇದರಿಂದ ಆಗುವ ಅನುಕೂಲ ದೊಡ್ಡದು. ಒಬ್ಬ ಸದಸ್ಯರು 2024ರ ಜೂನ್ 10ರಂದು ಶೇಕಡಾ 7ರ ಬಡ್ಡಿಗೆ ₹50,000 ಸಾಲ ತೆಗೆದುಕೊಂಡು 2025ರ ಮಾರ್ಚ್ 31ಕ್ಕೆ ತೀರಿಸಿದರು ಎಂದಿಟ್ಟುಕೊಳ್ಳಿ. ಕೈಲೆಕ್ಕದಲ್ಲಾದರೆ ಜೂನ್‌ನಲ್ಲಿ ಉಳಿದ ದಿನ 20, ಜುಲೈ 31, ಆಗಸ್ಟ್ 31 ಎಂದು ಕೂಡಿಸುತ್ತಾ ಹೋಗಬೇಕು, ಫೆಬ್ರವರಿಗೆ 28ಓ 29ಓ ಎಂದು ನಿಂತು ಯೋಚಿಸಬೇಕು. ಕಂಪ್ಯೂಟರು 45747ರಲ್ಲಿ 45453 ಕಳೆಯುತ್ತದೆ, 294 ದಿನ ಎನ್ನುತ್ತದೆ, ಅಷ್ಟೇ. ಐವತ್ತು ಸಾವಿರವನ್ನು 7ರಿಂದ, 294ರಿಂದ ಗುಣಿಸಿ 36500ರಿಂದ ಭಾಗಿಸಿದರೆ ₹2,819 ಮತ್ತು 18 ಪೈಸೆ. ಹೀಗೆ ಕಳೆದಾಗ ಸಾಲ ಕೊಟ್ಟ ದಿನ ಲೆಕ್ಕಕ್ಕೆ ಸೇರಿ ಕಟ್ಟಿದ ದಿನ ಬಿಟ್ಟುಹೋಗುತ್ತದೆ ಎಂಬುದನ್ನು ಗಮನಿಸಿ. ಎರಡೂ ದಿನ ಸೇರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಒಂದು ಕೂಡಿಸಲು ಯಂತ್ರಕ್ಕೆ ಬಾಯಿಬಿಟ್ಟು ಹೇಳಬೇಕು, ಅದು ತಾನಾಗಿ ಮಾಡುವುದಿಲ್ಲ.

ಇದನ್ನು ಪರದೇಶದವರ ಹೊಸ ಜಾಣತನ ಎಂದು ತಿಳಿಯಬೇಕಾಗಿಲ್ಲ. ನಮ್ಮ ಪಂಚಾಂಗ ಮಾಡುವವರಿಗೆ ಇದು ಹಳೆಯ ವಿದ್ಯೆ, ಹೆಸರು ಅಹರ್ಗಣ. ಅಹಸ್ಸು ಎಂದರೆ ಹಗಲು, ದಿನ. ಅಹರ್ಗಣ ಎಂದರೆ ದಿನಗಳ ರಾಶಿ. ಕಲಿಯುಗ ಆರಂಭದ ದಿನವೆಂದು ಜ್ಯೋತಿಷಿಗಳು ಹಿಡಿಯುವುದು ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ. ಅಲ್ಲಿಂದ ಕಳೆದ ದಿನಗಳ ಮೊತ್ತ ಸಿಕ್ಕಿದರೆ ಸೂರ್ಯ ಎಲ್ಲಿ, ಚಂದ್ರ ಎಲ್ಲಿ ಎಂದು ಗುಣಾಕಾರ ಭಾಗಾಕಾರದಿಂದ ತೆಗೆಯುತ್ತಾರೆ. ಅಧಿಕಮಾಸ, ಕ್ಷಯತಿಥಿಗಳ ಗೊಂದಲ ಆ ಮೊತ್ತ ತೆಗೆಯುವವರೆಗೆ ಮಾತ್ರ. ಮೇಲೆ ಹೇಳಿದ 2025ರ ಮಾರ್ಚ್ 31ಕ್ಕೆ ಈ ಮೊತ್ತ 18,72,300. ಏಳರಿಂದ ಭಾಗಿಸಿ, ಶೇಷ 3 ಉಳಿಯುತ್ತದೆ. ಶುಕ್ರವಾರದಿಂದ ಮೂರು ದಿನ ಮುಂದೆ ಎಣಿಸಿದರೆ ಸೋಮವಾರ. ಆ ದಿನ ಸೋಮವಾರವೇ, ಹಳೆ ಕ್ಯಾಲೆಂಡರ್ ತೆಗೆದು ನೋಡಬಹುದು. ಲೆಕ್ಕ ತಪ್ಪಿದ್ದರೆ ವಾರ ಕೂಡುವುದಿಲ್ಲ, ಅದೇ ತಾಳೆ. ಇನ್ನೂ ಒಂದು ಮಾತು. ಇಷ್ಟು ದೊಡ್ಡ ಸಂಖ್ಯೆಯನ್ನು ದಿನವೂ ಹೊರುವುದು ಕಷ್ಟವೆಂದು ‘ಗ್ರಹಲಾಘವ’ ಬರೆದ ಗಣೇಶ ದೈವಜ್ಞರು ಕ್ರಿ.ಶ. 1520ನ್ನೇ ಆರಂಭವಾಗಿ ಇಟ್ಟುಕೊಂಡು, 4016 ದಿನಗಳ ಒಂದೊಂದು ಚಕ್ರ ಮಾಡಿ, ಸಂಖ್ಯೆ ಚಿಕ್ಕದು ಮಾಡಿದರು. ಎಕ್ಸೆಲ್ ಮಾಡಿದವರು 1900 ಹಿಡಿದದ್ದೂ ಇದೇ ಯುಕ್ತಿ. ನಮ್ಮ ಹಿರಿಯರು ಲೆಕ್ಕದ ಜೊತೆಗೆ ‘ಎಲ್ಲಿಂದ ಎಣಿಸಿದ್ದು’ ಎಂಬುದನ್ನೂ ತಪ್ಪದೆ ಬರೆದಿಡುತ್ತಿದ್ದರು. ಕಂಪ್ಯೂಟರಿನವರು ಅದನ್ನು ಒಳಗೇ ಮುಚ್ಚಿಡುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿಂದ.

1900ರಿಂದ ಎಣಿಸುವ ಈ ಕ್ರಮದಲ್ಲಿ ಒಂದು ಸುಳ್ಳು ದಿನವೂ ಇದೆ. ಅರವತ್ತನೇ ಸಂಖ್ಯೆಗೆ ಎಕ್ಸೆಲ್ ತೋರಿಸುವುದು 1900ರ ಫೆಬ್ರವರಿ 29. ಅಂಥ ದಿನ ಬಂದೇ ಇಲ್ಲ. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ, ಅದಕ್ಕೇ 2000ದಲ್ಲಿ ಇತ್ತು, 1900ರಲ್ಲಿ ಇರಲಿಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿ ಇದು ಸೇರಿಕೊಂಡಿತು. ಆಮೇಲೆ ಬಂದ ಎಕ್ಸೆಲ್, ಲೋಟಸ್‌ನಲ್ಲಿ ಬರೆದ ಹಳೆಯ ಲೆಕ್ಕಗಳು ಕೆಡಬಾರದೆಂದು ಗೊತ್ತಿದ್ದೂ ಅದನ್ನು ಹಾಗೇ ಇಟ್ಟುಕೊಂಡಿತು. ಹಳೆಯ ಮ್ಯಾಕಿಂಟೋಷ್ ಯಂತ್ರದವರು ಈ ಗೊಡವೆಯೇ ಬೇಡವೆಂದು 1904ರ ಜನವರಿ 1ರಿಂದ ಎಣಿಸಿದರು. ಎರಡಕ್ಕೂ ವ್ಯತ್ಯಾಸ 1462 ದಿನ, ನಾಲ್ಕು ವರ್ಷದ ಮೇಲೆ ಒಂದು ದಿನ. ಒಂದು ಬಗೆಯ ಕಡತದಿಂದ ಇನ್ನೊಂದಕ್ಕೆ ತಾರೀಖು ನಕಲು ಮಾಡುವಾಗ ಇಷ್ಟು ಜಾರಿ ಹೋಗುವುದುಂಟು. ನಮ್ಮ ಸಂಘಗಳಲ್ಲಿ ಮ್ಯಾಕಿಂಟೋಷ್ ಕಾಣುವುದು ಅಪರೂಪ, ಆದ್ದರಿಂದ ಇದನ್ನು ಇಲ್ಲಿಗೇ ಬಿಡೋಣ.

ಇಲ್ಲೇ ಒಂದು ತಮಾಷೆ ಹೇಳಿಬಿಡುತ್ತೇವೆ. ತಾರೀಖಿನ ಮನೆಯಲ್ಲಿ ಬರೀ ಇಸವಿ ಬರೆದು, 2000 ಎಂದು ಒತ್ತಿದರೆ ಎಕ್ಸೆಲ್ ಅದನ್ನು ಎರಡು ಸಾವಿರದನೇ ದಿನ ಎಂದು ತಿಳಿದು 1905ರ ಜೂನ್ 22 ಎಂದು ತೋರಿಸುತ್ತದೆ. 1905 ಎಂದರೆ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕರ್ನಾಟಕದ ಮೊದಲ ಪತ್ತಿನ ಸಂಘ ಕಟ್ಟಿದ ವರ್ಷ. ಮೊನ್ನೆ ಮೊನ್ನೆ ಹುಟ್ಟಿದ ಸಂಘ ಕೂಡ ಪಟ್ಟಿಯಲ್ಲಿ ಕಣಗಿನಹಾಳದ ಓರಗೆಯದಾಗಿ ಕೂತುಬಿಡುತ್ತದೆ!

ಈಗ ನಿಜವಾಗಿ ನಷ್ಟ ಮಾಡುವ ಸಂಗತಿಗಳಿಗೆ ಬರೋಣ.

ಮೊದಲನೆಯದು ದಿನ, ತಿಂಗಳು ಅದಲುಬದಲಾಗುವುದು. ನಾವು ದಿನ ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಹೊಸ ಯಂತ್ರ ತಂದಾಗ ಅಮೆರಿಕದ ಕ್ರಮವೇ ಉಳಿದಿದ್ದರೆ 10/06/2024 ಎಂಬುದು ಜೂನ್ 10 ಆಗದೆ ಅಕ್ಟೋಬರ್ 6 ಆಗುತ್ತದೆ. ಒಳಗಿನ ಸಂಖ್ಯೆ 45453ರ ಬದಲು 45571. ಮೇಲಿನ ಸಾಲಕ್ಕೆ 294 ದಿನದ ಬದಲು 176 ದಿನ, ಬಡ್ಡಿ ₹1,687 ಮತ್ತು 67 ಪೈಸೆ. ಸಂಘಕ್ಕೆ ಸಾವಿರದ ನೂರು ರೂಪಾಯಿಗೂ ಮೇಲೆ ಖೋತಾ. ನಿಜವಾಗಿ ಅಕ್ಟೋಬರ್ 6ಕ್ಕೆ ಸಾಲ ತೆಗೆದವರದು ಇದೇ ರೀತಿ ಜೂನ್ 10 ಆದರೆ ಅಷ್ಟೇ ಹಣ ಆ ರೈತರ ಕೈಯಿಂದ ಹೆಚ್ಚಿಗೆ ಹೋಗುತ್ತದೆ. ಯಂತ್ರ ‘ತಪ್ಪು’ ಎಂದು ಕೂಗುವುದೂ ಇಲ್ಲ, ಎರಡೂ ಕ್ಯಾಲೆಂಡರಿನಲ್ಲಿರುವ ದಿನಗಳೇ ತಾನೇ! ವರ್ಷಕ್ಕೆ 132 ತಾರೀಖುಗಳು ಹೀಗೆ ಸದ್ದಿಲ್ಲದೆ ಅದಲುಬದಲಾಗಬಲ್ಲವು. 13ನೇ ತಾರೀಖಿನಿಂದ ಮೇಲಿನವು ಆಗುವುದಿಲ್ಲ, ಹದಿಮೂರನೇ ತಿಂಗಳಿಲ್ಲವಲ್ಲ. ಆಗ ಎಕ್ಸೆಲ್ ಅದನ್ನು ತಾರೀಖೆಂದು ಒಪ್ಪದೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಕಂಡುಹಿಡಿಯುವ ದಾರಿ ಸುಲಭ. ನಾವೇ ಎಡಬಲ ಸರಿಸದೆ ಬಿಟ್ಟಿದ್ದರೆ ನಿಜವಾದ ತಾರೀಖು ಮನೆಯ ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರವಾದದ್ದು ಎಡಕ್ಕೆ. ಒಂದೇ ಸಾಲಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವವನ್ನೇ ಹೆಚ್ಚು ಅನುಮಾನದಿಂದ ನೋಡಬೇಕು.

ಎರಡನೆಯದು ವಾಯಿದೆಯ ಕೊನೆಯ ದಿನದ ಮಧ್ಯಾಹ್ನ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ದಿನ ಪೂರ್ಣ ಸಂಖ್ಯೆಯಾದರೆ ಹೊತ್ತು ಅದರ ದಶಾಂಶ. ಮಧ್ಯರಾತ್ರಿ ಸೊನ್ನೆ, ನಡುಹಗಲು ಅರ್ಧ, ಸಂಜೆ ಆರಕ್ಕೆ ಮುಕ್ಕಾಲು. ಮಾರ್ಚ್ 31ರ ಮಧ್ಯಾಹ್ನ ಮೂರೂವರೆಗೆ ಹಣ ಕಟ್ಟಿದರೆ, ರಸೀದಿಯ ಹೊತ್ತನ್ನೂ ಹಿಡಿಯುವ ತಂತ್ರಾಂಶದಲ್ಲಿ ಅದು 45747.6458 ಎಂದು ದಾಖಲಾಗುತ್ತದೆ. ವಾಯಿದೆಯ ದಿನವನ್ನು ಬರೀ 45747 ಎಂದು ಇಟ್ಟಿರುತ್ತಾರೆ. ‘ವಾಯಿದೆಗಿಂತ ಹೆಚ್ಚಿದ್ದರೆ ಸುಸ್ತಿ’ ಎಂದು ತಂತ್ರಾಂಶ ಬರೆದವರು ಅಷ್ಟಕ್ಕೇ ಬಿಟ್ಟಿದ್ದರೆ ಏನಾಯಿತು? 45747.6458 ಎಂಬುದು 45747ಕ್ಕಿಂತ ಹೆಚ್ಚೇ. ವಾಯಿದೆಯೊಳಗೇ ಬಂದು, ಸಾಲಿನಲ್ಲಿ ನಿಂತು, ಕಟ್ಟಿ ಹೋದ ಸದಸ್ಯರು ಸುಸ್ತಿದಾರರ ಪಟ್ಟಿಗೆ ಬಿದ್ದರು. ಸಕಾಲಕ್ಕೆ ಕಟ್ಟಿದವರಿಗೆ ಮಾತ್ರ ಬಡ್ಡಿ ರಿಯಾಯಿತಿ ಎಂಬ ಬೆಳೆಸಾಲದಲ್ಲಿ ಈ ದಶಾಂಶದ ಬೆಲೆ ಇಡೀ ವರ್ಷದ ಬಡ್ಡಿ. ನಮ್ಮ ರೈತರು ಕಟ್ಟುವುದು ಯಾವಾಗ ಹೇಳಿ? ಮಾಲು ಮಾರಿ, ದುಡ್ಡು ಕೈಗೆ ಬಂದು, ಕೊನೆಯ ದಿನವೇ. ಅವತ್ತೇ ಆಫೀಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಈ ದೋಷ ಒಬ್ಬರಿಗಲ್ಲ, ಒಟ್ಟಿಗೆ ಹತ್ತಾರು ಜನಕ್ಕೆ ತಟ್ಟುತ್ತದೆ. ಇದೇ ಕಾರಣಕ್ಕೆ ‘ಮಾರ್ಚ್ 31ರವರೆಗಿನ ಜಮೆ ತೋರಿಸು’ ಎಂದು ಕೇಳಿದಾಗ 31ರ ಇಡೀ ದಿನದ ಜಮೆ ಬಿಟ್ಟುಹೋಗಿ ಕಿರ್ದಿಗೂ ಪಟ್ಟಿಗೂ ತಾಳೆಯಾಗದೆ ಆಡಿಟ್ ಹೊತ್ತಿಗೆ ಪರದಾಡುವುದುಂಟು. ಪರಿಹಾರ ದೊಡ್ಡದೇನಲ್ಲ. ಏಪ್ರಿಲ್ 1ರ ಸಂಖ್ಯೆ 45748, ‘ಅದಕ್ಕಿಂತ ಕಡಿಮೆ ಇರುವುದೆಲ್ಲ ಸಕಾಲ’ ಎಂದು ಬರೆದರೆ ಮುಗಿಯಿತು. ಇದನ್ನು ಮಾಡಬೇಕಾದವರು ತಂತ್ರಾಂಶ ಕೊಟ್ಟವರು. ಹೀಗಿದೆಯೇ ಎಂದು ಕೇಳಬೇಕಾದವರು ಆಡಳಿತ ಮಂಡಳಿಯವರು. ಸದಸ್ಯರ ಕೈಯಲ್ಲಿರುವುದು ರಸೀದಿ. ಅದನ್ನು ದಯಮಾಡಿ ಬಿಸಾಡಬೇಡಿ.

ಮೂರನೆಯದು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುವ ನಮ್ಮ ಹಳೆಯ ಚಟ. ಲೆಡ್ಜರಿನಲ್ಲಿ ‘31-3-30’ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಎಕ್ಸೆಲ್ ಬಹಳ ಕಾಲ ನಡೆಸಿಕೊಂಡು ಬಂದ ಕ್ರಮದಲ್ಲಿ 00ರಿಂದ 29ರವರೆಗೆ ಬರೆದರೆ ಎರಡು ಸಾವಿರದ ಲೆಕ್ಕ, 30ರಿಂದ 99ರವರೆಗೆ ಬರೆದರೆ ಸಾವಿರದ ಒಂಬೈನೂರರ ಲೆಕ್ಕ. ಅಂದರೆ ಐದು ವರ್ಷದ ಮುದ್ದತು ಠೇವಣಿಗೆ 30 ಎಂದು ಬರೆದರೆ ಅದು 1930ರಲ್ಲೇ ಮುಗಿದುಹೋದ ಠೇವಣಿ! ಈ ಗಡಿಯನ್ನು ಯಂತ್ರದಲ್ಲಿ ಬದಲಿಸಲು ಬರುತ್ತದೆ, ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಇರುತ್ತದೆ. ಅದರ ತಂಟೆಯೇ ಬೇಡ, ನಾಲ್ಕು ಅಂಕಿ ಬರೆಯಿರಿ.

ಕೊನೆಯದು ದೂರದ್ದು ಎನಿಸುತ್ತದೆ, ಆದರೆ ಅಷ್ಟು ದೂರವಿಲ್ಲ. ಯುನಿಕ್ಸ್ ಎಂಬ ಪದ್ಧತಿಯ ಯಂತ್ರಗಳು ದಿನವನ್ನಲ್ಲ, ಸೆಕೆಂಡನ್ನು ಎಣಿಸುತ್ತವೆ. 1970ರ ಜನವರಿ 1ರಿಂದ ಆರಂಭ. ಈ ಮೊತ್ತ ಇಡಲು ಹಳೆಯವರು ಕೊಟ್ಟ ಜಾಗ 32 ಬಿಟ್, ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಎತ್ತಿನ ಗಾಡಿಗೆ ಇಷ್ಟೇ ಚೀಲ ಎಂದಂತೆ. 2038ರ ಜನವರಿ 19, ಮಂಗಳವಾರ ಬೆಳಿಗ್ಗೆ ನಮ್ಮ ಗಡಿಯಾರದ ಪ್ರಕಾರ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಗಾಡಿ ತುಂಬುತ್ತದೆ. ಮುಂದಿನ ಸೆಕೆಂಡಿಗೆ ಅಂಥ ಯಂತ್ರ ತೋರಿಸುವುದು 1901ರ ಡಿಸೆಂಬರ್. ಹೊಸ ಯಂತ್ರಗಳಲ್ಲಿ 64 ಬಿಟ್ ಜಾಗವಿದೆ, ಅವಕ್ಕೆ ಭಯವಿಲ್ಲ. ಆದರೆ ಯಂತ್ರ ಹೊಸದಾದರೂ ಒಳಗಿನ ತಂತ್ರಾಂಶ, ಅದರ ದಾಖಲೆಯ ಮನೆಗಳು ಹಳೆಯ ಅಳತೆಯವೇ ಆಗಿರಬಹುದು. 2038 ಬರಲಿ ನೋಡೋಣ ಎನ್ನುವ ಹಾಗಿಲ್ಲ. ಹದಿನೈದು ವರ್ಷದ ದೀರ್ಘಾವಧಿ ಸಾಲವನ್ನು 2025ರಲ್ಲಿ ಕೊಟ್ಟರೆ ಕೊನೆಯ ಕಂತು 2040ಕ್ಕೆ. ಕೂಸಿನ ಹೆಸರಲ್ಲಿ ಅದಕ್ಕೆ 18 ತುಂಬುವವರೆಗೆ ಇಟ್ಟ ಠೇವಣಿಯೂ ಆ ಗಡಿ ದಾಟುತ್ತದೆ. ತಂತ್ರಾಂಶ ಕೊಟ್ಟವರನ್ನು ಕೇಳಿದರೆ ‘ಏನೂ ಆಗಲ್ಲ ಸಾರ್’ ಎನ್ನುತ್ತಾರೆ. ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಕೇಳಬೇಕು. ನಾವೂ ಪರೀಕ್ಷೆ ಮಾಡಬಹುದು. ಅಭ್ಯಾಸದ ಪ್ರತಿಯಲ್ಲಿ 2040ರ ಮಾರ್ಚ್ 31ರ ವಾಯಿದೆ ಹಾಕಿ ಸುಳ್ಳು ಸಾಲವೊಂದನ್ನು ಬರೆದು, ಬಡ್ಡಿ ಎಷ್ಟು ತೋರಿಸುತ್ತದೆ ನೋಡಿ, ಕೈಲೆಕ್ಕದ ಜೊತೆ ತಾಳೆ ಹಾಕಿದರಾಯಿತು. ನಿಜವಾದ ಖಾತೆಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ನಮ್ಮ ಮಾತಿಗೆ ಮೊದಲು ಸೆಕ್ರೆಟರಿಯವರ ಹತ್ತಿರ ಈ ವಿಷಯ ಪ್ರಸ್ತಾಪಿಸಿದ್ದೆವು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿನಲ್ಲಿ ಮೂರೂವರೆ ಗಂಟೆಯ ಜಮೆ, ಎರಡಂಕಿಯ ಇಸವಿ, 2040ರ ವಾಯಿದೆ ಈ ಮೂರನ್ನೂ ಅಭ್ಯಾಸದ ಪ್ರತಿಯಲ್ಲಿ ಹಾಕಿ ನೋಡಲು ಒಪ್ಪಿದ್ದಾರೆ. ನಾವೂ ಅಲ್ಲೇ ಕೂತಿರುತ್ತೇವೆ. ಆಸಕ್ತಿ ಇರುವ ಸದಸ್ಯರು ಬರಬಹುದು. ಕೈಬರಹದ ಹಳೆಯ ಪಾಸ್‌ಬುಕ್ ಯಾರ ಹತ್ತಿರವಾದರೂ ಉಳಿದಿದ್ದರೆ ಜೊತೆಗೆ ತನ್ನಿ, ಅದರಲ್ಲಿನ ತಾರೀಖನ್ನೂ ಕಂಪ್ಯೂಟರಿನಲ್ಲಿರುವ ತಾರೀಖನ್ನೂ ಒಂದೊಂದಾಗಿ ಓದಿ ನೋಡೋಣ.