ಸಂದೇಹವೂ ಒಂದು ವಿವೇಕ

ನಮ್ಮ ಆಲಂಕಾರಿಕರು ಸಂದೇಹ, ಭ್ರಾಂತಿಮಾನ್ ಎಂಬ ಎರಡು ಅಲಂಕಾರಗಳನ್ನು ಹೇಳಿದ್ದಾರೆ. ಇದು ಮುಖವೋ ಚಂದ್ರನೋ ಎಂದು ಮನಸ್ಸು ತೂಗಾಡಿದರೆ ಸಂದೇಹ. ಚಂದ್ರನೇ ಎಂದು ನಂಬಿ ಚಕೋರವು ಮುಖದತ್ತ ಹಾರಿಬಂದರೆ ಭ್ರಾಂತಿ. ಕಾವ್ಯದಲ್ಲಿ ಎರಡೂ ಸೊಗಸು. ರೋಗನಿರ್ಣಯದಲ್ಲಿ ಸಂದೇಹವು ಕಾಯುತ್ತದೆ, ಭ್ರಾಂತಿಯು ಕೊಲ್ಲಲೂಬಹುದು. ಇದನ್ನು ನಾನು ಕಂಡುಕೊಂಡದ್ದು ಶಿಷ್ಯೆಯೊಬ್ಬಳ ಕಾಯಿಲೆಯಿಂದ.

ಕನ್ನಡ ಅಧ್ಯಾಪಕಿಯಾದ ಆಕೆ ಹಲವು ವರ್ಷಗಳಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದೊಡನೆ ಬಾಳುತ್ತಿದ್ದಳು. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೊ ವ್ಯವಸ್ಥಿತವಾಗಿ ವಿವರಿಸಿದ ರೋಗವಿದು. ದೇಹದ ರಕ್ಷಣಾವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಕಣ್ಣು ಮಂಜಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಎಷ್ಟೋ ಜನರಲ್ಲಿ ಕೆಲವು ವಾರಗಳ ಬಳಿಕ ಅದು ಇಳಿದು, ಮತ್ತೆಂದೋ ಮರುಕಳಿಸುತ್ತದೆ.

ಒಂದು ವರ್ಷ ಆಕೆಗೆ ತಲೆನೋವು ಹತ್ತಿತು. ಪಾಠದ ನಡುವೆ ಬಳಕೆಯ ಪದಗಳೇ ನಾಲಗೆಗೆ ಬಾರದಾದವು. ಹಳೆಯ ಕಾಯಿಲೆಯೇ ಮರುಕಳಿಸಿದೆಯೆಂದು ಎಲ್ಲರೂ ಬಗೆದರು. ಸ್ಟೀರಾಯ್ಡ್ ಕೊಟ್ಟಾಗ ತುಸು ಗುಣವೂ ಕಂಡಿತು. ಆದರೆ ಮೆದುಳಿನ ಗೆಡ್ಡೆಯ ಸುತ್ತಣ ಊತವನ್ನೂ ಅದೇ ಔಷಧ ಇಳಿಸಬಲ್ಲದು. ಆದುದರಿಂದ ಗುಣ ಕಂಡಿತೆಂಬುದು ರೋಗದ ಗುರುತಾಗಲಾರದು.

"ಸಾರ್, ಇದು ನನಗೆ ಗೊತ್ತಿರುವ ನೋವಲ್ಲ" ಎಂದು ಆಕೆ ನನ್ನೊಡನೆ ಹೇಳಿದಳು. ಅದೇ ಮಾತನ್ನು ನರರೋಗ ತಜ್ಞರಿಗೂ ಹೇಳಿದಳು, ಅವರು ಕಿವಿಗೊಟ್ಟರು. ದಿನದಿನಕ್ಕೆ ಏರುವ ತಲೆನೋವು, ಹೊಸದಾಗಿ ಬಂದ ಫಿಟ್ಸು, ಇಳಿಯದೆ ಬೆಳೆಯುತ್ತಲೇ ಹೋಗುವ ತೊಂದರೆ, ಇವು ಮತ್ತೊಂದು ರೋಗದ ಸೂಚನೆಗಳಿರಬಹುದು. ಒಂದು ಕಾಯಿಲೆಯಿದ್ದ ಮಾತ್ರಕ್ಕೆ ಇನ್ನೊಂದು ಬಾರದೆಂಬ ನಿಯಮವಿಲ್ಲವಷ್ಟೆ.

ಇದಕ್ಕೆ ವಿಪರ್ಯಯವೂ ಉಂಟು. ಮಲ್ಟಿಪಲ್ ಸ್ಕ್ಲೆರೋಸಿಸ್ಸಿನ ಮಚ್ಚೆಯೇ ಕೆಲವೊಮ್ಮೆ 2 ಸೆಂಟಿಮೀಟರಿಗೂ ಮಿಕ್ಕಿ ಬೆಳೆದು ಗೆಡ್ಡೆಯ ವೇಷ ತೊಡುತ್ತದೆ. ಅದನ್ನು ಗೆಡ್ಡೆಯೆಂದೇ ಬಗೆದು ವಿಕಿರಣ ಕೊಟ್ಟರೆ ಕೇಡು ಹೆಚ್ಚೀತು. ಎಂ.ಆರ್.ಐ. ಚಿತ್ರದಲ್ಲಿ ಮಚ್ಚೆಯ ಅಂಚು ಪೂರ್ತಿ ಕೂಡದ ಬಳೆಯಂತೆ ಬೆಳಗಿದರೆ ಅದು ಮಯಲಿನ್ ನಷ್ಟದ ಕಡೆಗೆ ಬೊಟ್ಟು ಮಾಡುತ್ತದೆ. ಸಾಕ್ಷ್ಯವೇ ಹೊರತು ತೀರ್ಪಲ್ಲ. ಕೆಲವು ವಾರ ಬಿಟ್ಟು ಮತ್ತೆ ಚಿತ್ರ ತೆಗೆದು ಹೋಲಿಸುತ್ತಾರೆ. ಆಗಲೂ ಬಗೆಹರಿಯದಿದ್ದರೆ ಚೂರು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಲಿಂಫೋಮಾ ಎಂಬ ಗೆಡ್ಡೆಯ ಶಂಕೆಯಿದ್ದರೆ, ರೋಗಿಯ ಸ್ಥಿತಿ ಅನುಮತಿಸುವಷ್ಟು ಮಟ್ಟಿಗೆ, ಸ್ಟೀರಾಯ್ಡಿಗೆ ಮೊದಲೇ ಆ ಪರೀಕ್ಷೆ ಮಾಡುವುದು ಮೇಲು. ಔಷಧ ತಗುಲಿದೊಡನೆ ಆ ಗೆಡ್ಡೆ ಕುಗ್ಗಿ ಗುರುತು ಮರೆಸಿಕೊಳ್ಳಬಹುದು.

ನನ್ನ ಶಿಷ್ಯೆಯ ಮೆದುಳಿನ ಪೊರೆಯಲ್ಲಿ ನಿಜವಾಗಿಯೂ ಗೆಡ್ಡೆಯಿತ್ತು. ಕ್ಯಾನ್ಸರ್ ಅಲ್ಲದ ಬಗೆಯದು. ಶಸ್ತ್ರಚಿಕಿತ್ಸೆಯಾಯಿತು, ಪದಗಳು ಒಂದೊಂದಾಗಿ ಮರಳಿದವು. ಹಳೆಯ ಕಾಯಿಲೆ ಜೊತೆಗೇ ಇದೆ.

ದೀರ್ಘಕಾಲದ ರೋಗಿಗಳು ತಮ್ಮ ಕಾಯಿಲೆಯ ಭಾಷೆಯನ್ನು ಚೆನ್ನಾಗಿ ಬಲ್ಲರು. ಅವರು "ಇದು ಹೊಸತು" ಎಂದಾಗ, ಮನೆಯವರಾದ ನಾವು ಸಮಾಧಾನ ಹೇಳಿ ಸುಮ್ಮನಾಗಿಸದೆ, ಆ ಮಾತನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸೋಣ.